ಹಾಳೆ ನಲವತ್ತೇಳರ ಕಾರಣ

ಬೆಳಗಾವಿ, 30 ಫೆಬ್ರುವರಿ 2318

ರಕ್ಷಣಾ ಬಿಡಿಭಾಗಗಳ ಕಾರ್ಖಾನೆಯಲ್ಲಿ ದಾಖಲೆ ನೋಡಿಕೊಳ್ಳುವ ರೇಣುಕಾ ಪಟ್ಟಣಶೆಟ್ಟಿ ಅವರಿಗೆ, ಚಂಪಾ ಹಾದಿಮನಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನೀವು ಬರೆದಿಟ್ಟ ಡ್ರಾಯಿಂಗ್ ರಿಜಿಸ್ಟರಿನಿಂದ. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ.

ನಾನಿರುವುದು ಬೀಗದ ಕಚೇರಿಯಲ್ಲಿ. ನಿಮ್ಮ ಕಾಲದವರು ಗುಟ್ಟಾಗಿಟ್ಟ ಡ್ರಾಯಿಂಗ್‌ಗಳಲ್ಲಿ ಯಾವುದನ್ನು ತೆರೆಯಬಹುದು, ಯಾವುದನ್ನು ಸುಡಬೇಕು ಎಂದು ತೀರ್ಮಾನಿಸುವುದು ನಮ್ಮ ಕೆಲಸ. ನಿಮ್ಮ ನಿಯಮಗಳನ್ನು ಓದುತ್ತ ಕೂತರೆ ನನಗೆ ಊಟದ ಹೊತ್ತೂ ಮರೆತುಹೋಗುತ್ತದೆ. ಡ್ರಾಯಿಂಗ್ ಗಡಿ ದಾಟಲೇಬೇಕೆಂದಿಲ್ಲ, ಇಲ್ಲೇ ಚಹಾ ಕುಡಿಯುತ್ತ ಕೂತ ಹೊರದೇಶದವನಿಗೆ ಸ್ಕ್ರೀನ್ ಮೇಲೆ ತೋರಿಸಿದರೂ ಅದು ರಫ್ತೇ ಅಂತೆ, ಅದಕ್ಕೂ ಸರಕಾರದ ಲೈಸೆನ್ಸ್ ಬೇಕಂತೆ! ಮಾಲೀಕರು ಡ್ರಾಯಿಂಗ್‌ಗಳಿದ್ದ ಲ್ಯಾಪ್‌ಟಾಪ್ ಹಿಡಿದು ವಿಮಾನ ಹತ್ತಲು ಹೊರಟಾಗ ನೀವು ಅದನ್ನು ಇಸಿದುಕೊಂಡು ರಿಜಿಸ್ಟರಿನ ಅಂಚಿನಲ್ಲಿ ಬರೆದಿದ್ದೀರಿ: “ಸಾಹೇಬ್ರು ಸಿಟ್ಟಾದ್ರು. ಆಗ್ಲಿ. ಲೈಸೆನ್ಸ್ ಬರೂತನಾ ಒಯ್ಯಾಕ ಬಿಡಂಗಿಲ್ರಿ ಅಂದೆ.” ಈ ಸಾಲನ್ನು ಎಷ್ಟು ಸಲ ಓದಿದ್ದೇನೋ. ನಿಮ್ಮನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸುತ್ತದೆ.

ಆದರೂ ನಿಮ್ಮ ಮೇಲೆ ನನ್ನದೊಂದು ದೂರಿದೆ. ಗುಟ್ಟಾಗಿಡಲು ಕಾರಣವೇನು ಎಂಬ ಕಾಲಮ್ಮಿನಲ್ಲಿ ಪುಟದಿಂದ ಪುಟಕ್ಕೆ ‘ಮೇಲಿನಂತೆ’ ಎಂದಷ್ಟೇ ಬರೆದಿದ್ದೀರಿ. ನಾನೂ ಮೇಲೆ ಮೇಲೆ ಹುಡುಕುತ್ತ ಹೋದೆ. ಮೊದಲ ಪುಟವನ್ನು ಗೆದ್ದಲು ತಿಂದಿದೆ.

ಹಾಳೆ ನಲವತ್ತೇಳು ಅಂಗೈಯಗಲದ ಒಂದು ವಾಲ್ವಿನದು. ಅದನ್ನಿಟ್ಟು ಮುಚ್ಚಿದ ಲಕೋಟೆಯ ಮೇಲೆ ಅಷ್ಟೇ ಇದೆ. ಪೈಲಟನ ಉಸಿರಿಗೆ ಗಾಳಿ ಬಿಡುವುದೋ, ಕ್ಷಿಪಣಿಗೆ ಇಂಧನ ಬಿಡುವುದೋ ಗೊತ್ತಿಲ್ಲ. ಕಲ್ಲುಗಣಿಯ ದೂಳು ಕುಡಿದು ಎದೆ ಕೆಡಿಸಿಕೊಂಡ ನನ್ನ ತಂಗಿ ಮಹಾದೇವಿ ಉಸಿರುಪೆಟ್ಟಿಗೆಯಿಂದ, ಅಂದರೆ ಗಾಳಿಯನ್ನು ಅಳೆದು ಎದೆಗೆ ತುಂಬುವ ಯಂತ್ರದಿಂದ, ಬದುಕಿದ್ದಾಳೆ. ಅದರ ವಾಲ್ವ್ ಸವೆದಿದೆ. ಅಂಥದ್ದನ್ನು ಮಾಡುವ ವಿದ್ಯೆ ನಮ್ಮಲ್ಲಿ ಯಾರಿಗೂ ಉಳಿದಿಲ್ಲ. “ಅಕ್ಕಾ, ನನ್ನ ಉಸರು ನಿನ್ನ ಕಪಾಟಿನ್ಯಾಗ ಐತೇನು?” ಎಂದು ನಿನ್ನೆ ಕೇಳಿದಳು. ನಾನು ಅತ್ತುಬಿಟ್ಟೆ. ಕಾರಣ ತಿಳಿಯದ ಹಾಳೆಯನ್ನು ತೆರೆಯುವಂತಿಲ್ಲ, ಅಂಥವನ್ನೆಲ್ಲ ಸೋಮವಾರ ಸುಡುತ್ತಾರೆ. ಬೀಗದ ಕೈ ನನ್ನ ಬಳಿಯೇ ಇದೆ, ಕದ್ದು ತೆರೆಯಬಹುದು. ಆದರೆ ಮಾಲೀಕರ ಲ್ಯಾಪ್‌ಟಾಪ್ ಇಸಿದುಕೊಂಡ ನಿಮ್ಮನ್ನು ಓದಿದ ಮೇಲೆ ನನಗೆ ಆ ಕೆಲಸಕ್ಕೆ ಮನಸ್ಸು ಬರುತ್ತಿಲ್ಲ.

ಆ ಹಾಳೆ ನಿಮ್ಮ ಮೇಜಿಗೆ ಬರುವುದು 2026ರ ಮಾರ್ಚ್ 12ರ ಮಧ್ಯಾಹ್ನ. ಬೀಗ ಹಾಕಿ, ಬೇಡವೆನ್ನುವುದಿಲ್ಲ. ಕೊಲ್ಲುವಂಥದ್ದಾದರೆ ಹಾಗೆಂದೇ ಬರೆಯಿರಿ, ನಾನೇ ಸುಡುತ್ತೇನೆ. ಉಸಿರಿನದಾದರೆ ಉಸಿರಿನದು ಎಂದು ಬರೆಯಿರಿ, ಆಗ ನಿಯಮದಂತೆಯೇ ತೆರೆಯಬಹುದು. ನೀವು ಅಲ್ಲಿ ಬರೆದದ್ದು ಇಲ್ಲಿ ಮೂಡೀತೆಂದು ರಿಜಿಸ್ಟರನ್ನು ಆ ಪುಟಕ್ಕೆ ತೆರೆದಿಟ್ಟುಕೊಂಡು ಕೂತಿದ್ದೇನೆ. ಈಗ ಅಲ್ಲಿ ‘ಮೇಲಿನಂತೆ’ ಎಂದೇ ಇದೆ.

ನಿಮ್ಮ,
ಚಂಪಾ