ಕುಚ್ಚಲಕ್ಕಿ ಬೇಯುವಷ್ಟು ದೂರ

ಜೋಗೇಶ್ವರಿ, ಮುಂಬಯಿ
೧೨ ಫೆಬ್ರವರಿ ೧೯೭೩, ಸೋಮವಾರ

ಪ್ರೀತಿಯ ನಿಮಗೆ, ನಿಮ್ಮ ನೀಲಾವತಿಯ ನಮಸ್ಕಾರ.

ಹೇಗಿದ್ದೀರಿ? ಹಡಗಿನ ಅಡುಗೆಮನೆಯ ಹೊಗೆಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೇ? ಹಡಗಿನವರಿಗೆಲ್ಲ ಅಡುಗೆ ಮಾಡಿ ಬಡಿಸಿ ಕೊನೆಗೆ ತಣ್ಣಗಿನ ಅನ್ನ ಉಣ್ಣುವ ಅಭ್ಯಾಸ ಬಿಡಿ. ನಾನು ಆರಾಮಾಗಿದ್ದೇನೆ. ಐದು ತಿಂಗಳು ತುಂಬಿತು, ಒಳಗಿರುವವರು ಒದೆಯಲು ಕಲಿತಿದ್ದಾರೆ.

ಈಗ ಎಲ್ಲಾದರೂ ಕೂತುಕೊಂಡು ಓದಿ. ನಿಮ್ಮ ಅಮ್ಮ ಬಂದಿದ್ದಾರೆ! ಮಗ ಬಿಜಾಪುರದ ಕಡೆಯವಳನ್ನು ಕಟ್ಟಿಕೊಂಡನೆಂದು ಮದುವೆಗೂ ಬಾರದೆ, ನಾಲ್ಕು ವರ್ಷ 'ಬೊಂಬಾಯಿ ದೂರ' ಎಂದೇ ಹೇಳಿಕಳಿಸುತ್ತಿದ್ದ ಅದೇ ಅಮ್ಮ. ನಾನು ಬಸುರಿ ಎಂದು ತಿಳಿದ ಮೇಲೆ ತಾವಾಗಿಯೇ ಹೊರಟರಂತೆ. ಮಂಡಿನೋವಿಗೆ ಹಗಲು ರಾತ್ರಿ ಬಸ್ಸಿನಲ್ಲಿ ಕೂರಲಾಗದೆಂದು ನಿಮ್ಮ ಕೊರಗಪ್ಪ ಮಾವ ಬಜಪೆಯಲ್ಲಿ ವಿಮಾನ ಹತ್ತಿಸಿ ನನಗೆ ತಂತಿ ಕೊಟ್ಟರು.

ಮುಖವನ್ನೇ ನೋಡದ ಅತ್ತೆಯನ್ನು ಕರೆತರಲು ಸಾಂತಾಕ್ರೂಜಿಗೆ ಒಬ್ಬಳೇ ಹೋದೆ. ಎಲ್ಲರೂ ಹೊರಗೆ ಬಂದರು, ಇವರಿಲ್ಲ. ಕಡೆಗೆ ವಿಮಾನದ ಹುಡುಗಿಯೊಬ್ಬಳು ಓಡಿಬಂದು, ಕನ್ನಡ ಬರುವವರು ಯಾರಿದ್ದಾರೆ ಎಂದು ಹಿಂದಿಯಲ್ಲಿ ಕೂಗಿದಳು. ಅಜ್ಜಿಯೊಬ್ಬರು ಸೀಟು ಬಿಟ್ಟು ಏಳುತ್ತಿಲ್ಲವಂತೆ! ನನ್ನನ್ನೇ ಮೆಟ್ಟಿಲು ಹತ್ತಿಸಿ ಒಳಗೆ ಕಳಿಸಿದಳು. ನಿಮ್ಮದೇ ಮೂಗು, ನಿಮ್ಮದೇ ಹಟ. ನೋಡಿದ ಕೂಡಲೇ ಗುರುತು ಹಿಡಿದೆ.

"ಬೊಂಬಾಯಿ ಇಷ್ಟು ಬೇಗ ಬರುವುದುಂಟಾ? ಇದು ಬೇರೆ ಯಾವುದೋ ಊರು. ನಾನು ಇಳಿಯುವುದಿಲ್ಲ" ಎಂದರು.

"ಇದು ಮುಂಬೈನ ಐತ್ರಿ ಅತ್ತಿ. ನಾ ನಿಮ್ಮ ಸೊಸಿ ಅದೀನ್ರಿ" ಎಂದೆ.

ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು. "ಅಯ್ಯೋ, ಈ ಹೊಟ್ಟೆ ಹೊತ್ತು ಆ ಏಣಿ ಹತ್ತಿದೆಯಾ ಮಾರಾಯ್ತಿ?" ಎಂದು ಬೈಯುತ್ತಲೇ ಎದ್ದರು. ಇಳಿಯುವಾಗ ನಾನು ಅವರ ಕೈ ಹಿಡಿದೆನೋ, ಅವರು ನನ್ನ ಕೈ ಹಿಡಿದರೋ ತಿಳಿಯಲಿಲ್ಲ. ಟ್ಯಾಕ್ಸಿಯಲ್ಲಿ ಕೂತ ಮೇಲೆ, "ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಬಂದಾಯಿತಲ್ಲ. ಇಷ್ಟಕ್ಕೆ ನಾಲ್ಕು ವರ್ಷ ಕೂತೆನಾ ನಾನು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತುಬಿಟ್ಟೆ. ಟ್ಯಾಕ್ಸಿಯವನು ಹೆದರಿ ಗಾಡಿ ನಿಲ್ಲಿಸಿದ. ಅವನ ಮುಖ ನೋಡಿ ಇಬ್ಬರಿಗೂ ನಗು ಬಂತು.

ಈಗ ನಮ್ಮ ಚಾಳಿನಲ್ಲಿ ಅವರದೇ ದರಬಾರು. ಹೇಳಿದಾಗಲೆಲ್ಲ ವಿಮಾನದ ದಾರಿ ಇನ್ನಷ್ಟು ಹತ್ತಿರವಾಗುತ್ತಿದೆ. ನಿನ್ನೆ ಪಕ್ಕದ ಮನೆಯ ಬಸಲಿಂಗವ್ವನಿಗೆ, ಕಾಫಿ ಲೋಟ ಕೆಳಗಿಡುವುದರೊಳಗೆ ಬೊಂಬಾಯಿ ಬಂತು ಎಂದರು. ನನ್ನ ಜೋಳದ ರೊಟ್ಟಿ ಗಟ್ಟಿ ಎನ್ನುತ್ತಾರೆ, ಎರಡು ತಿನ್ನುತ್ತಾರೆ.

ಅಮ್ಮ ನಿಮಗೆ ಆಶೀರ್ವಾದ ಹೇಳಿದ್ದಾರೆ. ಬಸಲಿಂಗವ್ವನೂ ನಿಮ್ಮ ಕ್ಷೇಮ ಕೇಳಿದ್ದಾಳೆ. ಮೈ ಕಡೆ ನೋಡಿಕೊಳ್ಳಿ.

ನಿಮ್ಮ
ನೀಲಾ

ತಾ.ಕ.: ಟಪ್ಪಾಲು ಹೊರಡುವ ಹೊತ್ತಾಯಿತು, ಮುಖ್ಯದ್ದೇ ಬಿಟ್ಟಿದ್ದೆ. ಹೆರಿಗೆ ತಮ್ಮ ಕಾರ್ಕಳದ ಮನೆಯಲ್ಲೇ ಆಗಬೇಕೆಂದು ಅಮ್ಮನ ಹಟ. ನನ್ನ ಅವ್ವನೂ ಒಪ್ಪಿದ್ದಾಳೆ. ಶುಕ್ರವಾರದ ವಿಮಾನಕ್ಕೆ ನಮ್ಮಿಬ್ಬರಿಗೂ ಟಿಕೆಟ್ ಆಗಿದೆ. ಇನ್ನು ಮುಂದೆ ನನಗೆ ಕಾಗದ ಬರೆದರೆ ನಿಮ್ಮ ಅಮ್ಮನ ಮನೆಗೇ ಹಾಕಿ.