ಮಲಾವಿಯವರ ಮುಂದೆ ಎಮ್ಮೆ

ಮಂಗಳವಾರ, 18 ನವೆಂಬರ್ 2025

ವರದಿ ಬರೆಯಬೇಕು. ಎಮ್ಮೆಯ ವಿಷಯ ಏನೆಂದು ಬರೆಯಲಿ?

ನಾವು ಬಡತನ ನೀಗಿಸಿಕೊಂಡ ಬಗೆ ನೋಡಲು ಆಫ್ರಿಕಾದ ಮಲಾವಿ ದೇಶದಿಂದ ನಾಲ್ವರು ರೈತ ಹೆಣ್ಣುಮಕ್ಕಳು ಇವತ್ತು ನಮ್ಮ ತುರ್ವಿಹಾಳದ ಮಹಿಳಾ ಸ್ವಸಹಾಯ ಸಂಘಕ್ಕೆ ಬಂದಿದ್ದರು. ಸಂಘದ ಸಾಲದಲ್ಲಿ ಎಮ್ಮೆ ಕೊಂಡು ನಮ್ಮ ಸದಸ್ಯೆ ಪಾರ್ವತೆಮ್ಮ ಉದ್ಧಾರವಾದಳೆಂದು ತೋರಿಸಬೇಕಿತ್ತು. ಆ ಎಮ್ಮೆ ಹೋದ ವರ್ಷವೇ ಸತ್ತಿದೆ. ಕಾರ್ಯದರ್ಶಿ ನಾನೇ ತಾನೆ? ಪಕ್ಕದ ಮನೆ ಗಾಳೆಪ್ಪನ ಎಮ್ಮೆ ತಂದು ಅವಳ ಅಂಗಳದಲ್ಲಿ ಕಟ್ಟಿದೆ. ಕೊಂಬಿಗೆ ಎಣ್ಣೆ, ಕೊರಳಿಗೆ ಚೆಂಡುಹೂವು ಬೇರೆ.

ಪಾರ್ವತೆಮ್ಮ ಮೈ ಸವರಲು ಹೋದರೆ ಹಾಳಾದ್ದು ಹಗ್ಗ ಕಿತ್ತುಕೊಂಡು, ಎಲ್ಲರೆದುರೇ ಗಾಳೆಪ್ಪನ ಮನೆಗೆ ನಡೆದುಬಿಟ್ಟಿತು.

"ಅದಕ್ಕ ಅಡ್ಡಾಡೋ ಚಟ ಐತ್ರೀ," ಎಂದೆ.

ಬಂದವರಲ್ಲಿ ಹಿರಿಯಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಮಾತನ್ನು ಅವರನ್ನು ಕರೆತಂದಿದ್ದ ರಾಜಶ್ರೀ ಮೇಡಂ ಕನ್ನಡದಲ್ಲಿ ಹೇಳಿದರು: "ಇವರೂರಿಗೆ ಸಾಹೇಬ್ರು ನೋಡಾಕ ಬಂದಾಗ ಇವರೂ ಬಾಜೂ ಮನಿ ಆಡು ತಂದು ಕಟ್ಟಿದ್ರಂತ. ಅದೂ ಹಿಂಗ ಮನೀಗೆ ಹೋತಂತ."

ಪಾರ್ವತೆಮ್ಮ ಅವಳ ಕೈ ಹಿಡಿದಳು. "ಯಕ್ಕಾ, ಮುಂದಿನ ವರ್ಷ ನಾವು ನಿಮ್ಮೂರು ನೋಡಾಕ ಬರ್ತೀವಿ."

ಮೇಡಂ ಬಾಯಿಂದ ಉತ್ತರ ಬಂತು: "ಬರ್ರಿ, ಆಡು ಈಗ್ಲೇ ಕೇಳಿ ಇಟ್ಟಿರ್ತೀನಿ ಅಂತಾರ."

"ಎರಡೂ ದೇಶಗಳ ನಡುವೆ ಅನುಭವ ವಿನಿಮಯವಾಯಿತು." ಎಮ್ಮೆಯ ವಿಷಯಕ್ಕೆ ಇಷ್ಟೇ ಬರೆದಿದ್ದೇನೆ. ಇಡೀ ವರದಿಯಲ್ಲಿ ಸುಳ್ಳಲ್ಲದ ಸಾಲು ಇದೊಂದೇ.