ನೀರು ಬೆರೆಸದ ಸೋಪು

ಅವ್ವಾ,

ನೀ ಹೋಗಿ ವರ್ಷ ಆತು. ನಿಂತು ನಿಂತು ಕಾಲು ಸೋತಾವು, ಆದ್ರೂ ಇವತ್ತಿಂದು ನಿನಗ ಹೇಳಬೇಕು.

ಪೀಣ್ಯದಾಗ ನಮ್ಮ ಸೋಪಿನ ಫ್ಯಾಕ್ಟರಿಗೆ ಮೇಡಂ ಒಬ್ರು ಪಾಠ ಮಾಡಾಕ ಬಂದಿದ್ರು. ಕೆಲಸ ಮುಗಿಸಿ ನಾವು ಡ್ರಮ್ಮಿನಾಗಿನ, ಇನ್ನೂ ನೀರು ಬೆರೆಸದ ಪಾತ್ರೆ ತೊಳಿಯೋ ಮಂದ ಸೋಪಿಲೇ ಕೈ ತೊಳಕೊಳ್ಳೋದು ನೋಡಿ ಬೈದ್ರು. ಸೋಪಿನ ಕಣದ್ದು ಒಂದು ತುದಿ ನೀರಿಗೆ ಅಂಟತೈತಂತ, ಇನ್ನೊಂದು ಜಿಡ್ಡಿಗೆ. ನಮ್ಮ ಚರ್ಮದ ಒಂದೊಂದು ಜೀವಕೋಶದ ಸುತ್ತನೂ ಜಿಡ್ಡಿನ ತೆಳು ಪೊರೆ ಐತಂತ. ನೀರು ಬೆರೆಸದ ಸೋಪು ಅದರಾಗ ತೂರಿ ಹರದು ಹಾಕತೈತಂತ. "ಪಾತ್ರೆ ಜಿಡ್ಡು ಯಾವ್ದು, ನಿಮ್ಮ ಮೈ ಜಿಡ್ಡು ಯಾವ್ದು ಅಂತ ಅದಕ್ಕೆ ಗೊತ್ತಾಗಲ್ಲ ಕಣ್ರಮ್ಮ" ಅಂದ್ರು.

ನೀ ನಾಕು ಮನಿ ಪಾತ್ರೆ ತಿಕ್ಕತಿದ್ದಿ. ಆ ಸೋಪನ್ನ ಬಾಟ್ಲಿ ತುಂಬಿ ತಂದುಕೊಡತಿದ್ದಾಕಿ ನಾನ. "ಮಗಳು ತಂದಿದ್ದು, ಭಾಳ ನೊರಿ ಬರತೈತಿ" ಅಂತ ಓಣಿಗೆಲ್ಲಾ ಹೇಳತಿದ್ದಿ. ಬೆರಳು ಒಡದು ರಕ್ತ ಬಂದಾಗ ಕೊಬ್ಬರಿ ಎಣ್ಣಿ ಹಚ್ಚಕೋ ಅಂತಿದ್ದೆ.

ಏನಾದ್ರೂ ಕೇಳೋದಿದ್ಯಾ ಅಂದ್ರು ಮೇಡಂ.

ಒಂದ್ಸಲ ನೀ ಕೇಳಿದ್ದಿ, "ಶೈಲಾ, ಇದಕ್ಕ ಚೂರು ನೀರು ಬೆರಸಲೇನ?" ಅಂತ.

"ಬ್ಯಾಡ ಬೇ, ಜೋರು ಹೋಗತೈತಿ" ಅಂದಿದ್ದೆ.